ಬೆವರುವ ಗೋಡೆಗಳು

ಕಳೆದ ಮಳೆಗಾಲದಲ್ಲಿ, ನಾಲ್ಕು ದಿನ ಎಡೆಬಿಡದೆ ಜಡಿಮಳೆ ಹಿಡಿದಿದ್ದ ಒಂದು ಮುಂಜಾನೆ, ಬೊಮ್ಮನಹಳ್ಳಿಯ ಒಂದು ಚಿಕ್ಕ ಸಿದ್ಧ ಉಡುಪಿನ ಕಾರ್ಖಾನೆಗೆ ನಾವು ಹೋಗಬೇಕಾಗಿ ಬಂದಿತು. ಮಹಡಿಯ ಮೇಲಣ ಆ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುವ ಕೋಣೆಗೂ ಹೊಲಿಗೆ ಯಂತ್ರಗಳ ಸಾಲಿಗೂ ನಡುವೆ ಬಿಳಿಯ ಹಲಗೆಗಳ ಅಡ್ಡಗೋಡೆಯೊಂದನ್ನು ನಿಲ್ಲಿಸಿದ್ದರು. ಆ ಹಲಗೆಗಳ ಮೈಮೇಲೆ, ಮನುಷ್ಯನ ಹಣೆಯಲ್ಲಿ ಬೆವರು ಮೂಡುವಂತೆ, ಹನಿಗಳು ಮೂಡಿದ್ದವು. ಮಾಳಿಗೆ ಸೋರಿರಲಿಲ್ಲ, ನಲ್ಲಿಯ ಕೊಳವೆ ಹತ್ತಿರದಲ್ಲೆಲ್ಲಿಯೂ ಇರಲಿಲ್ಲ. ಒರೆಸಿದರೆ ಮತ್ತೆ ಮೂಡುತ್ತಿದ್ದವು. ಒಂದು ಹನಿಯನ್ನು ನಾಲಗೆಗೆ ಮುಟ್ಟಿಸಿ ನೋಡಿದೆವು; ಕಹಿ ಬೆರೆತ ಉಪ್ಪು. ಸ್ಕ್ರೂಗಳ ತಲೆಯಿಂದ ತುಕ್ಕಿನ ಕೆಂಪು ಗೆರೆಗಳು ಇಳಿದಿದ್ದವು. ಹಲಗೆಗೆ ಒರಗಿಸಿಟ್ಟಿದ್ದ ಬಟ್ಟೆಯ ಸುರುಳಿಗಳಿಗೆ ಕಲೆ ಹತ್ತಿ, ಒಪ್ಪಿಕೊಂಡಿದ್ದ ಮಾಲು ಹಿಂದಿರುಗಿ ಬಂದಿತ್ತು. ಇಪ್ಪತ್ತು ವರ್ಷದ ಉಳಿತಾಯವನ್ನು ಆ ಕಾರ್ಖಾನೆಗೆ ಹಾಕಿದ್ದ ಯಜಮಾನರು ನಮ್ಮನ್ನು ಕೇಳಿದರು: “ಸ್ವಾಮಿ, ಗೋಡೆಗೂ ಜ್ವರ ಬರುವುದುಂಟೆ?”

ಈ ಪ್ರಶ್ನೆಗೆ ಉತ್ತರ ಕೊಡುವುದೇ ಇಂದಿನ ಲೇಖನದ ಉದ್ದೇಶ. ಮಾರಿದ ವ್ಯಾಪಾರಿಯು ಆ ಹಲಗೆ “ಬೆಂಕಿಗೂ ಜಗ್ಗದು, ನೀರಿಗೂ ಜಗ್ಗದು” ಎಂದು ಹೇಳಿ ಕೊಟ್ಟಿದ್ದನಂತೆ. ಇದರಲ್ಲಿ ಮೊದಲರ್ಧ ಬಹುಮಟ್ಟಿಗೆ ನಿಜ. ಎರಡನೆಯ ಅರ್ಧ ಸುಳ್ಳು. ಅದೂ ಯಾರಿಗೂ ತಿಳಿಯದ ಸುಳ್ಳಲ್ಲ. ಆ ಪದಾರ್ಥವನ್ನು ಬಲ್ಲವರೆಲ್ಲರೂ ನೂರು ವರ್ಷಕ್ಕೂ ಹಿಂದಿನಿಂದ ಬಲ್ಲ ಸುಳ್ಳು.

ಇದು ಒಬ್ಬ ಯಜಮಾನರ ಮನೆವಾರ್ತೆಯೆಂದು ವಾಚಕರು ತಿಳಿಯಕೂಡದು. ಹೊಸೂರು ರಸ್ತೆಯ ಮೇಲಣ ಹಳ್ಳಿಯಾಗಿದ್ದ ಬೊಮ್ಮನಹಳ್ಳಿ, 1978ರಲ್ಲಿ ಅದೇ ರಸ್ತೆಯ ಮುಂದೆ ಎಲೆಕ್ಟ್ರಾನಿಕ್ ಸಿಟಿ ಹುಟ್ಟಿದಂದಿನಿಂದ ಹೊಲ ಹೋಗಿ ಷೆಡ್ಡಾಯಿತು, ಷೆಡ್ಡು ಹೋಗಿ ಮಹಡಿಯಾಯಿತು; 2007ರಲ್ಲಿ ಬೃಹತ್ ಬೆಂಗಳೂರಿಗೆ ಸೇರಿತು; 2025ರ ಆಗಸ್ಟಿನಲ್ಲಿ ಮೆಟ್ರೋದ ಹಳದಿ ಮಾರ್ಗ ತೆರೆದ ಮೇಲೆ ಅಲ್ಲಿಯ ನೆಲಕ್ಕೆ ಬಂದಿರುವ ಬೆಲೆಯನ್ನು ಹೇಳಬೇಕಾದುದಿಲ್ಲ. ಇಂಥ ಕಡೆ ಇಟ್ಟಿಗೆ ಗೋಡೆ ಕಟ್ಟಿ, ನೀರುಣಿಸಿ, ಒಣಗಲೆಂದು ಕಾಯುವ ತಾಳ್ಮೆ ಬಾಡಿಗೆದಾರನಿಗೂ ಇಲ್ಲ, ಮಾಲಿಕನಿಗೂ ಇಲ್ಲ. ಹಲಗೆ ತಂದು ಚೌಕಟ್ಟಿಗೆ ಬಿಗಿದರೆ ಎರಡು ದಿನದಲ್ಲಿ ಕಚೇರಿ ಸಿದ್ಧ. ಬೆಂಕಿಯ ಭಯವೂ ಇದಕ್ಕೆ ಕೂಡಿಕೊಂಡಿತು. 2010ರ ಫೆಬ್ರವರಿ 23ರಂದು ಹಳೆಯ ವಿಮಾನನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್ ಕಟ್ಟಡದಲ್ಲಿ ಒಂಬತ್ತು ಜೀವಗಳು ಹೋದುದನ್ನು ಬೆಂಗಳೂರು ಮರೆತಿಲ್ಲ. ಉರಿಯದ ಹಲಗೆ ಬೇಕೆಂಬ ಬಯಕೆ ನ್ಯಾಯವಾದದ್ದೇ. ಆದರೆ ಬೆಂಕಿಗೆ ಹೆದರಿ ಕೊಂಡ ಹಲಗೆ ನೀರಿನಲ್ಲಿ ಕೈಕೊಡುವುದಾದರೆ, ಅದನ್ನು ಕೊಳ್ಳುವವನಿಗೆ ಮೊದಲೇ ಹೇಳುವುದು ಧರ್ಮವಲ್ಲವೆ?

ಈ ಹಲಗೆಯನ್ನು ಹಿಡಿದಿಡುವ ಗಾರೆ ನಾವು ನಿತ್ಯ ಕಾಣುವ ಸಿಮೆಂಟಲ್ಲ. ಮ್ಯಾಗ್ನೀಷಿಯಂ ಎಂಬ ಲೋಹದ ಭಸ್ಮದಿಂದಾದ ಸಿಮೆಂಟು. ಮ್ಯಾಗ್ನಸೈಟ್ ಎಂಬ ಬಿಳಿಯ ಕಲ್ಲನ್ನು ಸುಟ್ಟು ಪುಡಿಮಾಡಿ, ಮ್ಯಾಗ್ನೀಷಿಯಂ ಕ್ಲೋರೈಡೆಂಬ ಉಪ್ಪಿನ ದ್ರಾವಣದಲ್ಲಿ ಕಲಸಿದರೆ ಕೆಲವೇ ಗಂಟೆಗಳಲ್ಲಿ ಕಲ್ಲಾಗುತ್ತದೆ. ಇದನ್ನು 1867ರಲ್ಲಿ ಲೋಕಕ್ಕೆ ತಿಳಿಸಿದವನು ಸೋರೆಲ್ ಎಂಬ ಫ್ರೆಂಚ್ ಎಂಜಿನಿಯರು. ಇದಕ್ಕೆ ದಿನಗಟ್ಟಲೆ ನೀರು ಹೊಡೆಯಬೇಕಾಗಿಲ್ಲ. ಮರದ ಹೊಟ್ಟನ್ನು ಬೆರೆಸಿದರೂ ಬಿಗಿಯಾಗಿ ಹಿಡಿಯುತ್ತದೆ. ಉಜ್ಜಿದರೆ ಕನ್ನಡಿಯಂತೆ ಹೊಳೆಯುತ್ತದೆ. ಬೆಂಕಿ ತಾಕಿದರೆ ತನ್ನ ಹರಳುಗಳಲ್ಲಿ ಹಿಡಿದಿಟ್ಟ ನೀರನ್ನು ಬಿಟ್ಟು ಉರಿಯನ್ನು ತಡೆಯುತ್ತದೆ. ನಮ್ಮ ವಾಚಕರು ಇದನ್ನು ಕಂಡೇ ಇದ್ದಾರೆ. ಹಿಟ್ಟಿನ ಗಿರಣಿಯ ಎಮರಿ ಕಲ್ಲಿನ ಹರಳುಗಳನ್ನು ಒಂದಾಗಿ ಕಚ್ಚಿ ಹಿಡಿದಿರುವುದು ಈ ಗಾರೆಯೇ. ಗಿರಣಿಯ ಕಲ್ಲು ವರ್ಷಗಟ್ಟಲೆ ತಿರುಗಿದರೂ ಸಡಿಲವಾಗದು. ಏಕೆಂದರೆ ಅದು ಒಣಗಿದ ಸ್ಥಳದಲ್ಲಿ, ಒಣಗಿದ ಕಾಳಿನೊಡನೆ ಬಾಳುತ್ತದೆ.

ನೀರಿನಲ್ಲಿ ಆಗುವುದೇನು? ಈ ಗಾರೆಯ ಬಲವೆಲ್ಲ ಸೂಜಿಯಂಥ ಒಂದು ಬಗೆಯ ಹರಳಿನಲ್ಲಿದೆ. ಐದು ಪಾಲು ಮ್ಯಾಗ್ನೀಷಿಯಂ ಹೈಡ್ರಾಕ್ಸೈಡ್, ಒಂದು ಪಾಲು ಕ್ಲೋರೈಡ್, ಎಂಟು ಪಾಲು ನೀರು ಕೂಡಿ ಆ ಹರಳಾಗುತ್ತದೆ. ಸೂಜಿಗಳು ಒಂದರೊಳಗೊಂದು ಹೆಣೆದುಕೊಂಡು ಗಟ್ಟಿಯಾಗುತ್ತವೆ. ಆದರೆ ಈ ಒಡಂಬಡಿಕೆಯಲ್ಲಿ ಕ್ಲೋರೈಡು ಎಂದಿಗೂ ನಂಬಿಕೆಯ ಪಾಲುದಾರನಲ್ಲ. ನೀರು ನಿಂತಿತೆಂದರೆ ಅದು ಹರಳನ್ನು ಬಿಟ್ಟು ನೀರಿನೊಡನೆ ಹೊರಟು ಹೋಗುತ್ತದೆ. ಹಿಂದೆ ಉಳಿಯುವುದು ಬಲವಿಲ್ಲದ ಹೈಡ್ರಾಕ್ಸೈಡಿನ ಮೆದು ಪುಡಿ. ಯಾವ ಉಪಚಾರವೂ ಇಲ್ಲದ ಗಾರೆ ಕೆಲವು ವಾರ ನೀರಿನಲ್ಲಿದ್ದರೆ ಬಲದ ಬಹುಪಾಲನ್ನು ಕಳೆದುಕೊಳ್ಳುತ್ತದೆ.

ಬೆವರಿನ ಕಥೆ ಇದಕ್ಕಿಂತಲೂ ಹೀನವಾದದ್ದು. ಹದವರಿತು ಕಲಸಿದ ಗಾರೆಯಲ್ಲಿ ಕ್ಲೋರೈಡೆಲ್ಲವೂ ಹರಳಿನಲ್ಲಿ ಸೇರಿಹೋಗಬೇಕು. ಚೆನ್ನಾಗಿ ಸುಟ್ಟ ಮ್ಯಾಗ್ನೀಷಿಯಾ ಪುಡಿಗೆ ಹಣ ಹೆಚ್ಚು. ಹದ ಮೀರಿ ಸುಟ್ಟ ಅಥವಾ ಮಣ್ಣು ಬೆರೆತ ಪುಡಿ ಅಗ್ಗ. ಅಗ್ಗದ ಪುಡಿಯು ಪೂರ್ತಿಯಾಗಿ ಕೂಡಿಕೊಳ್ಳದು; ಆಗ ಕ್ಲೋರೈಡು ಯಜಮಾನನಿಲ್ಲದ ಆಳಿನಂತೆ ಹಲಗೆಯೊಳಗೆ ಅಲೆಯುತ್ತದೆ. ಅಡಿಗೆಮನೆಯ ಒರಟು ಉಪ್ಪು ಮಳೆಗಾಲದಲ್ಲಿ ನೀರಾಡುವುದನ್ನು ಗೃಹಿಣಿಯರೆಲ್ಲರೂ ಬಲ್ಲರು. ಆ ಉಪ್ಪಿನಲ್ಲಿ ನೀರನ್ನೆಳೆಯುವುದು ಅದರೊಳಗಣ ಮ್ಯಾಗ್ನೀಷಿಯಂ ಕ್ಲೋರೈಡೇ. ಗಾಳಿಯಲ್ಲಿ ತೇವ ಶೇಕಡಾ 33 ದಾಟಿದರೆ ಸಾಕು, ಅದು ನೀರನ್ನು ಹೀರತೊಡಗುತ್ತದೆ. ಬೆಂಗಳೂರಿನ ಮಳೆಗಾಲದ ಮುಂಜಾನೆಗಳಲ್ಲಿ ತೇವ ಶೇಕಡಾ 80ನ್ನು ಮೀರುತ್ತದೆ. ಹಾಗಿರುವಾಗ ಗೋಡೆ ಬೆವರದೆ ಇನ್ನೇನು ಮಾಡೀತು? ಆ ಬೆವರು ಬರಿಯ ನೀರಲ್ಲ, ಉಕ್ಕನ್ನು ತಿನ್ನುವ ಉಪ್ಪುನೀರು. ಸಾಮಾನ್ಯ ಸಿಮೆಂಟು ತನ್ನ ಕ್ಷಾರದಿಂದ ಕಬ್ಬಿಣವನ್ನು ಕಾಪಾಡುತ್ತದೆ. ಈ ಗಾರೆಗೆ ಅಷ್ಟು ಕ್ಷಾರವೂ ಇಲ್ಲ. ಇಲ್ಲೊಂದು ವಿಚಿತ್ರವನ್ನು ಹೇಳದಿರಲಾರೆವು: ಕಬ್ಬಿಣಕ್ಕೆ ಸತುವಿನ ಕವಚ ತೊಡಿಸಿ ತುಕ್ಕಿನಿಂದ ಉಳಿಸುವ ವಿದ್ಯೆಗೆ 1837ರಲ್ಲಿ ಹಕ್ಕುಪತ್ರ ಪಡೆದವನೂ ಇದೇ ಸೋರೆಲ್. ಅವನ ಒಂದು ಕೈ ಉಳಿಸಿದುದನ್ನು ಇನ್ನೊಂದು ಕೈ ತಿನ್ನಿಸಿತು.

ಈ ಅನುಭವ ನಮ್ಮದು ಮಾತ್ರವಲ್ಲ. ಯೂರೋಪಿನ ಡೆನ್ಮಾರ್ಕ್ ದೇಶದಲ್ಲಿ 2010ರಿಂದೀಚೆಗೆ ಇಂಥ ಹಲಗೆಗಳನ್ನು ಕಟ್ಟಡಗಳ ಹೊರಗೋಡೆಗೆ, ಗಾಳಿ ತಡೆಯುವ ಪದರವಾಗಿ, ಧಾರಾಳವಾಗಿ ಬಳಸಿದರು. ಅಲ್ಲಿಯ ಥಂಡಿಯಲ್ಲಿ ಹಲಗೆಗಳು ಉಪ್ಪುನೀರನ್ನು ತೊಟ್ಟಿಕ್ಕಿದವು. ಸ್ಕ್ರೂಗಳು ತುಕ್ಕು ಹಿಡಿದವು. ಹಿಂಬದಿಯ ಮರ ಕೊಳೆಯಹತ್ತಿತು. 2015ರಲ್ಲಿ ಆ ದೇಶದ ಕಟ್ಟಡ ಹಾನಿ ನಿಧಿಯವರು ಬಹಿರಂಗವಾಗಿ ಎಚ್ಚರಿಕೆ ಕೊಟ್ಟರು. ಹೊಸ ಕಟ್ಟಡಗಳ ಹೊರಮೈಯನ್ನು ಸುಲಿದು ಬೇರೆ ಹಲಗೆ ಹಾಕಬೇಕಾಯಿತು. ಹಣ ಯಾರು ತೆರಬೇಕೆಂದು ನ್ಯಾಯಾಲಯಗಳ ಮೆಟ್ಟಿಲೇರಬೇಕಾಯಿತು. ಅಲ್ಲಿ ಎಚ್ಚರಿಸುವ ಸಂಸ್ಥೆಯೊಂದಿತ್ತು. ಇಲ್ಲಿ ಒಬ್ಬ ಬಾಡಿಗೆದಾರ, ಒಬ್ಬ ಬಡಗಿ, ಒಬ್ಬ ವ್ಯಾಪಾರಿ: ಮೂವರ ನಡುವಣ ಜಗಳದಲ್ಲಿ ವಿಷಯ ಮುಗಿದು ಹೋಗುತ್ತದೆ.

ಹಾಗಾದರೆ ಈ ಪದಾರ್ಥವನ್ನು ದೇಶದಿಂದ ಹೊರಗಟ್ಟಬೇಕೆ? ನಮ್ಮ ಅಭಿಪ್ರಾಯ ಹಾಗಿಲ್ಲ. ನೀರಿಗೆ ಸೋಲುವ ಗಾರೆಯನ್ನು ಗೆಲ್ಲುವಂತೆ ಮಾಡುವುದು ನಮ್ಮ ನಾಡಿಗೆ ಹೊಸ ವಿದ್ಯೆಯಲ್ಲ. ಬರಿಯ ಸುಣ್ಣ ನೀರಿನಡಿಯಲ್ಲಿ ಗಟ್ಟಿಯಾಗದು. ಆದುದರಿಂದಲೇ ನಮ್ಮ ಹಿರಿಯ ಗಾರೆಯವರು ಸುಣ್ಣಕ್ಕೆ ಬೆಲ್ಲದ ನೀರನ್ನೂ ಅಳಲೆಕಾಯಿಯ ಕಷಾಯವನ್ನೂ ಬೆರೆಸಿದರು. 1911ರಲ್ಲಿ ಆರಂಭವಾದ ಕನ್ನಂಬಾಡಿ ಅಣೆಕಟ್ಟಿನಲ್ಲಿ ಸುಣ್ಣದೊಡನೆ ಸುಟ್ಟ ಮಣ್ಣಿನ ಪುಡಿಯಾದ ಸುರ್ಕಿಯನ್ನು ಅರೆದು ಕಾವೇರಿಯನ್ನೇ ತಡೆದರು. ಸುಣ್ಣದ ದೋಷವನ್ನು ಯಾರೂ ಮುಚ್ಚಿಡಲಿಲ್ಲ. ದೋಷವನ್ನು ಒಪ್ಪಿಕೊಂಡು, ಬೆರೆಸುವ ಪುಡಿಯನ್ನು ಪರೀಕ್ಷಿಸಿ, ಅದರ ಮೇಲೆ ಕಣ್ಣಿಟ್ಟು ಕೆಲಸ ಮಾಡಿದರು. ವಿಶ್ವೇಶ್ವರಯ್ಯನವರ ಕಾಲದ ಮೈಸೂರು ನಮಗೆ ಕಲಿಸಿದ ಪಾಠ ಇದೇ.

ಮ್ಯಾಗ್ನೀಷಿಯಂ ಗಾರೆಗೂ ಇಂಥ ಬೆರಕೆಗಳು ಗೊತ್ತಾಗಿವೆ. ಮೊದಲನೆಯದು ರಂಜಕದ ಲವಣಗಳು, ಅಂದರೆ ಫಾಸ್ಫೇಟುಗಳು. ನೂರಕ್ಕೆ ಒಂದು ಪಾಲು ಅಥವಾ ಅದಕ್ಕೂ ಕಡಮೆ ಬೆರೆಸಿದರೂ ಅವು ಹರಳಿನ ಮೈಯನ್ನು ಹಿಡಿದು ನೀರಿನ ಬಾಯಿಂದ ಕಾಪಾಡುತ್ತವೆ. ಈ ಮಾತನ್ನು ನಾವು ಎಲ್ಲಿಂದಲೋ ಎರವಲು ತರಬೇಕಾಗಿಲ್ಲ. ಸರ್ ಸಿ. ವಿ. ರಾಮನ್ನರು 1934ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿಯು ಪ್ರಕಟಿಸುವ ‘ಬುಲೆಟಿನ್ ಆಫ್ ಮೆಟೀರಿಯಲ್ಸ್ ಸೈನ್ಸ್’ ಪತ್ರಿಕೆಯಲ್ಲಿಯೇ, 2000ದಲ್ಲಿ, ಅಲ್ಯೂಮಿನಿಯಂ ಫಾಸ್ಫೇಟಿನಿಂದ ಈ ಗಾರೆ ನೀರನ್ನು ತಡೆಯುವ ಶಕ್ತಿ ಹೆಚ್ಚುವುದೆಂದು ರಾಜಸ್ಥಾನದ ಅಧ್ಯಾಪಕರಿಬ್ಬರು ಬರೆದಿದ್ದಾರೆ. ಬೊಮ್ಮನಹಳ್ಳಿಯ ಗೋಡೆ ಬೆವರುತ್ತಿರುವಾಗ ಅದರ ಔಷಧದ ಚೀಟಿ ಇದೇ ನಗರದ ಪುಸ್ತಕಶಾಲೆಯಲ್ಲಿ ಧೂಳು ಹಿಡಿಯುತ್ತಿದೆ!

ಎರಡನೆಯದು ಹಾರುಬೂದಿ. ರಾಯಚೂರಿನ ಶಕ್ತಿನಗರದ ಉಷ್ಣವಿದ್ಯುತ್ ಸ್ಥಾವರದಲ್ಲಿ ಕಲ್ಲಿದ್ದಲು ಉರಿದು ಉಳಿಯುವ ಈ ನಯವಾದ ಬೂದಿ ಗಾರೆಯ ರಂಧ್ರಗಳನ್ನು ತುಂಬಿ ನೀರಿನ ದಾರಿಯನ್ನು ಕಟ್ಟುತ್ತದೆ. ಕನ್ನಂಬಾಡಿಯ ಸುರ್ಕಿಗೆ ಇದು ದೂರದ ನೆಂಟನೇ ಸರಿ. ಮೂರನೆಯ ದಾರಿ ಕ್ಲೋರೈಡನ್ನೇ ಬಿಟ್ಟು ಸಲ್ಫೇಟನ್ನು ಹಿಡಿಯುವುದು. ಇದಕ್ಕೆ ನಿಂಬೆಯ ಹುಳಿಯಾದ ಸಿಟ್ರಿಕ್ ಆಮ್ಲವನ್ನೋ ಹುಣಿಸೆಯ ಹುಳಿಯಾದ ಟಾರ್ಟಾರಿಕ್ ಆಮ್ಲವನ್ನೋ ಚಿಟಿಕೆಯಷ್ಟು ಬೆರೆಸಿದರೆ ನೀರಿನಲ್ಲಿ ಬಾಳುವ ಹರಳು ಹುಟ್ಟುತ್ತದೆ. ಕ್ಲೋರೈಡಿಲ್ಲವಾದುದರಿಂದ ಸ್ಕ್ರೂ ತುಕ್ಕುಹಿಡಿಯುವ ಭಯವೂ ಇಳಿಯುತ್ತದೆ. ನಾಲ್ಕನೆಯದು ಮ್ಯಾಗ್ನೀಷಿಯಾವನ್ನು ನೇರವಾಗಿ ಫಾಸ್ಫೇಟಿನೊಡನೆಯೇ ಕೂಡಿಸುವುದು. ಭಾರತೀಯ ಮೂಲದ ವಿಜ್ಞಾನಿ ಅರುಣ್ ವಾಘ್ ಅವರು ಅಮೆರಿಕದ ಆರ್ಗಾನ್ ಪ್ರಯೋಗಶಾಲೆಯಲ್ಲಿ ಅಣುಶಕ್ತಿಯ ತ್ಯಾಜ್ಯವನ್ನು ಬಂಧಿಸಿಡಲೆಂದು ಬೆಳೆಸಿದ ವಿದ್ಯೆ ಇದು. ಇದು ನೀರಿಗೆ ಬಲವಾಗಿ ನಿಲ್ಲುತ್ತದೆ, ಆದರೆ ಬೆಲೆ ಹೆಚ್ಚು.

ಉಪಾಯಗಳಿದ್ದೂ ಬಳಕೆಗೆ ಬಾರದಿರುವುದಕ್ಕೆ ಕಾರಣವೇನು? ಕಾರಣ ಲಾಭದ ಲೆಕ್ಕ. ಫಾಸ್ಫೇಟು ಬೆರೆತ ಗಾರೆ ನಿಧಾನವಾಗಿ ಗಟ್ಟಿಯಾಗುತ್ತದೆ. ಮೊದಲ ದಿನಗಳ ಬಲವೂ ತುಸು ಕಡಮೆ. ಹಲಗೆಯನ್ನು ಅಚ್ಚಿನಲ್ಲಿ ಹೆಚ್ಚು ಹೊತ್ತು ಬಿಡಬೇಕು. ಅಂದರೆ ಅದೇ ಅಚ್ಚಿನಿಂದ ದಿನಕ್ಕೆ ತೆಗೆಯುವ ಹಲಗೆಗಳು ಕಡಮೆಯಾಗುತ್ತವೆ. ಅಂಗಡಿಯಲ್ಲಿ ಒಳ್ಳೆಯ ಹಲಗೆಯೂ ಕೆಟ್ಟ ಹಲಗೆಯೂ ಒಂದೇ ಬಿಳುಪು, ಒಂದೇ ತೂಕ. ಭೇದ ತಿಳಿಯುವುದು ಮೊದಲ ಮಳೆಗಾಲದಲ್ಲಿ. ಆ ಹೊತ್ತಿಗೆ ಹಣ ಕೈದಾಟಿರುತ್ತದೆ. ಕೊಳ್ಳುವವನು ಕಾಣಲಾರದ ಗುಣಕ್ಕೆ ಮಾರುವವನು ವೆಚ್ಚ ಮಾಡುವುದಿಲ್ಲ. ಪ್ರಾಮಾಣಿಕನಾದ ತಯಾರಕನೇ ಇಲ್ಲಿ ಮೊದಲು ಸೋಲುತ್ತಾನೆ. ಆದುದರಿಂದಲೇ ಈ ವಿಷಯವನ್ನು ಸಂತೆಯ ಧರ್ಮಕ್ಕೆ ಬಿಟ್ಟು ಕುಳಿತಿರಲಾಗದು.

ನಮ್ಮ ದೇಶದ ಮಾನಕ ಸಂಸ್ಥೆಯವರು ಮ್ಯಾಗ್ನೀಷಿಯಂ ಆಕ್ಸಿಕ್ಲೋರೈಡಿನ ನೆಲಗಳಿಗಾಗಿ 657 ಮತ್ತು 658ನೆಯ ಮಾನಕಗಳನ್ನು ಬಹುಕಾಲದ ಹಿಂದೆಯೇ ಬರೆದಿದ್ದಾರೆ. ಪುಡಿ ಹೇಗಿರಬೇಕು, ಉಪ್ಪು ಹೇಗಿರಬೇಕು, ಹೇಗೆ ಹಾಸಬೇಕು ಎಂಬುದೆಲ್ಲ ಅವುಗಳ ವಿಷಯ. ನೆಲಕ್ಕಿರುವ ಕಟ್ಟುನಿಟ್ಟು ತಲೆಯ ಮೇಲೆ ತೂಗುವ ಹಲಗೆಗೂ ಬೇಕು. ನಾವು ಕೇಳುವುದು ಮೂರೇ ಮಾತು. ಒಂದು, ಹಲಗೆಯ ಗಾರೆ ಕ್ಲೋರೈಡಿನದೋ ಸಲ್ಫೇಟಿನದೋ ಎಂಬುದು ಅದರ ಮೈಮೇಲೆಯೇ ಅಚ್ಚಾಗಬೇಕು. ಎರಡು, ಒಣಗಿದಾಗ ನೂರು ಪಾಲು ಬಲವಿದ್ದ ಹಲಗೆ 28 ದಿವಸ ನೀರಿನಲ್ಲಿ ನೆನೆದ ಮೇಲೆ ಎಷ್ಟು ಪಾಲು ಉಳಿಸಿಕೊಂಡಿತೆಂಬ ಅಂಕಿ ಅದರ ಪಕ್ಕದಲ್ಲಿರಬೇಕು. ಅಂಕಿಯಿಲ್ಲದೆ “ನೀರಿಗೆ ಜಗ್ಗದು” ಎಂದು ಯಾರೂ ಬರೆಯಕೂಡದು. ಮೂರು, ತೇವ ತುಂಬಿದ ಪೆಟ್ಟಿಗೆಯಲ್ಲಿಟ್ಟು ಬೆವರುವುದೋ ಇಲ್ಲವೋ ನೋಡುವ ಪರೀಕ್ಷೆ ಕಡ್ಡಾಯವಾಗಬೇಕು. ಈ ಹಲಗೆಗಳನ್ನು ಲೋಕಕ್ಕೆಲ್ಲ ಕಳುಹಿಸುವ ಚೀನಾ ದೇಶದ ಮಾನಕದಲ್ಲಿಯೇ ಬೆವರಿನ ಪರೀಕ್ಷೆ ಸೇರಿದೆಯೆಂಬುದನ್ನು ನಮ್ಮ ಅಧಿಕಾರಿಗಳು ಗಮನಿಸಲಿ.

ಈ ಮೂರನ್ನು ನಡೆಸುವುದಕ್ಕೆ ದೊಡ್ಡ ಏರ್ಪಾಡೇನೂ ಬೇಡ. ಬಲವನ್ನು ಅಳೆಯುವ ಯಂತ್ರ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜುಗಳಲ್ಲಿದೆ. 2025ರಲ್ಲಿ ರಚಿತವಾದ ಹೊಸ ನಗರ ಪಾಲಿಕೆಗಳು ತಮ್ಮ ಸ್ವಂತ ಕಟ್ಟಡಗಳ ಟೆಂಡರಿನಲ್ಲಿ ಈ ಷರತ್ತುಗಳನ್ನು ಬರೆದರೆ ಸಾಕು, ಸಂತೆ ತಾನಾಗಿ ದಾರಿಗೆ ಬರುತ್ತದೆ.

ಇನ್ನು ಸ್ವದೇಶಿಯ ಮಾತು. ಮೈಸೂರು ಜಿಲ್ಲೆಯ ದೊಡ್ಡಕಾನ್ಯ, ದೊಡ್ಡಕಾಟೂರು ಸೀಮೆಯಲ್ಲಿ ಮ್ಯಾಗ್ನಸೈಟ್ ಇದೆ. ನೆರೆಯ ಸೇಲಂ ಗುಡ್ಡಗಳಲ್ಲಿ ಇನ್ನೂ ಹೆಚ್ಚಾಗಿದೆ. ದೇಶದ ಮ್ಯಾಗ್ನಸೈಟಿನ ಬಹುಪಾಲು ಉಕ್ಕಿನ ಕುಲುಮೆಗಳ ಒಳಮೈಯ ಇಟ್ಟಿಗೆಗೆ ಹೋಗುತ್ತದೆ. ಕ್ಲೋರೈಡಾದರೋ ಸಮುದ್ರದ ಉಪ್ಪು ತೆಗೆದ ಮೇಲೆ ಗದ್ದೆಯಲ್ಲಿ ಉಳಿಯುವ ಕಹಿನೀರಿನಲ್ಲಿದೆ. ಗೋಕರ್ಣದ ಬಳಿಯ ಸಾಣಿಕಟ್ಟಾದಂಥ ಉಪ್ಪಿನ ಗದ್ದೆಗಳಿರುವ ನಾಡಿಗೆ ಅದು ಅಪರಿಚಿತವಲ್ಲ. ಆದರೆ ಸ್ವದೇಶಿಯೆಂಬ ಹೆಸರು ಪರೀಕ್ಷೆಯಿಂದ ವಿನಾಯಿತಿ ಕೊಡುವ ಚೀಟಿಯಲ್ಲವೆಂದು ಸ್ಪಷ್ಟವಾಗಿ ಹೇಳಬಯಸುತ್ತೇವೆ. ನಮ್ಮ ಕಲ್ಲಿನಿಂದಾದ ಹಲಗೆ ಬೆವರಿದರೂ ಸ್ಕ್ರೂ ತುಕ್ಕುಹಿಡಿಯುವುದು ತಪ್ಪದು. “ಹಸಿರು ಸಿಮೆಂಟು” ಎಂಬ ಜಾಹೀರಾತನ್ನೂ ಹಾಗೆಯೇ ತೂಗಿ ನೋಡಬೇಕು. ಸಾಮಾನ್ಯ ಸಿಮೆಂಟಿನ ಕುಲುಮೆಗೆ 1450 ಡಿಗ್ರಿ ಶಾಖ ಬೇಕು. ಇದಕ್ಕೆ ಅದರಲ್ಲಿ ಅರ್ಧಕ್ಕಿಂತ ತುಸು ಹೆಚ್ಚಾದರೆ ಸಾಕು. ಇದು ನಿಜವಾದ ಉಳಿತಾಯ. ಆದರೆ ಮ್ಯಾಗ್ನಸೈಟನ್ನು ಸುಟ್ಟು ಒಂದು ಟನ್ನು ಮ್ಯಾಗ್ನೀಷಿಯಾ ಮಾಡುವಾಗ ಕಲ್ಲಿನಿಂದಲೇ ಸುಮಾರು 1.1 ಟನ್ನು ಇಂಗಾಲಾಮ್ಲ ಹೊರಡುತ್ತದೆ. ಒಂದು ಟನ್ನು ಸುಣ್ಣಕ್ಕೆ ಸುಮಾರು 0.8 ಟನ್ನು ಮಾತ್ರ. ಮೂರು ಮಳೆಗಾಲಕ್ಕೆ ಕಿತ್ತೆಸೆಯಬೇಕಾದ ಹಲಗೆಯಲ್ಲಿ ಹಸಿರೆಂಬುದು ಎಲ್ಲಿಯದು?

ಸರಕಾರದವರು ಎಚ್ಚರಗೊಳ್ಳುವ ವರೆಗೆ ವಾಚಕರು ತಮ್ಮನ್ನು ತಾವು ಕಾಪಾಡಿಕೊಳ್ಳಬೇಕು. ಆ ಕಾರ್ಖಾನೆಯ ಹಲಗೆಯ ಎರಡು ತುಂಡುಗಳನ್ನು ತಂದು, ಒಂದನ್ನು ಒಣಗಿಟ್ಟು, ಇನ್ನೊಂದನ್ನು ನಮ್ಮ ಮುದ್ರಣಾಲಯದ ಹಿತ್ತಲಲ್ಲಿ ಬಕೆಟ್ಟಿನ ನೀರಿಗೆ ಹಾಕಿ 28 ದಿವಸ ಬಿಟ್ಟೆವು. ಒಣ ತುಂಡನ್ನು ಮುರಿಯಲು ಮೊಣಕಾಲು ಕೊಡಬೇಕಾಯಿತು. ನೆನೆದ ತುಂಡು ಕೈಯಲ್ಲಿಯೇ ನೆನೆದ ರೊಟ್ಟಿಯಂತೆ ಬಾಗಿತು. ಒಳಗಣ ಗಾಜಿನ ನೂಲಿನ ಬಲೆಯಷ್ಟೇ ಅದನ್ನು ಹಿಡಿದಿತ್ತು. ಹಲಗೆ ಕೊಳ್ಳುವ ಮುನ್ನ ಯಾರು ಬೇಕಾದರೂ ಈ ಪರೀಕ್ಷೆಯನ್ನು ಮಾಡಬಹುದು. ಇಂಥ ಹಲಗೆಯನ್ನು ಬಚ್ಚಲಿಗೂ ನೆಲಮಾಳಿಗೆಗೂ ಹೊರಗೋಡೆಗೂ ಹಾಕಕೂಡದು. ತುಕ್ಕು ಹಿಡಿಯದ ಉಕ್ಕಿನ ಸ್ಕ್ರೂಗಳನ್ನೇ ಬಳಸತಕ್ಕದ್ದು. ಹಲಗೆಯ ಕೆಳ ಅಂಚು ನೆಲಕ್ಕೆ ತಾಕದಂತೆ ಎತ್ತರಿಸಿ ನಿಲ್ಲಿಸತಕ್ಕದ್ದು. 2022ರ ಸೆಪ್ಟೆಂಬರಿನಲ್ಲಿ 24 ಗಂಟೆಗಳಲ್ಲಿ 131.6 ಮಿಲಿಮೀಟರ್ ಮಳೆ ಸುರಿದು ಬೆಂಗಳೂರಿನ ಬಡಾವಣೆಗಳು ಕೆರೆಗಳಾದುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಈಗಾಗಲೇ ಚಾವಣಿಗೆ ಬಿಗಿದ ಹಲಗೆಯಲ್ಲಿ ತುಕ್ಕಿನ ಗೆರೆ ಕಂಡರೆ, ಅದರ ಕೆಳಗೆ ಕೆಲಸಗಾರರನ್ನು ಕೂರಿಸದೆ ಮೊದಲು ಅದನ್ನು ಇಳಿಸಬೇಕು.

ಬೊಮ್ಮನಹಳ್ಳಿಗೆ ಅನತಿದೂರದ ಬೇಗೂರಿನಲ್ಲಿ, ಬೆಂಗಳೂರಿನ ಹೆಸರನ್ನು ಹೊತ್ತ ಒಂಬತ್ತನೆಯ ಶತಮಾನದ ವೀರಗಲ್ಲೊಂದು ದೊರೆತಿದೆ. ಸಾವಿರಕ್ಕೂ ಮಿಕ್ಕ ವರ್ಷಗಳ ಅನಂತರವೂ ಅದರ ಅಕ್ಷರ ಓದಬರುತ್ತದೆ. ನಮ್ಮ ಹಲಗೆಗಳಿಂದ ಅಷ್ಟು ಆಯುಸ್ಸನ್ನು ನಾವು ಕೇಳುವುದಿಲ್ಲ. ಬೆಲೆ ಕೊಟ್ಟವನ ಸಾಲ ತೀರುವ ವರೆಗಾದರೂ ಅವು ನಿಲ್ಲಲಿ. ನಿಲ್ಲಲಾರವಾದರೆ ಹಾಗೆಂದು ಮೊದಲೇ ಹೇಳಲಿ. ನೀರಿನಲ್ಲಿ ಕರಗುವುದು ಆ ಗಾರೆಯ ಪ್ರಕೃತಿ. ಅದರಲ್ಲಿ ಗಾರೆಯ ಪಾಪವೇನೂ ಇಲ್ಲ. ಕರಗುವುದೆಂದು ಬಲ್ಲವರು ಬಾಯಿ ಮುಚ್ಚಿಕೊಂಡಿರುವುದು ಪಾಪ. ಆ ಯಜಮಾನರ ಪ್ರಶ್ನೆಗೆ ಇದೇ ನಮ್ಮ ಉತ್ತರ: ಗೋಡೆಗೆ ಜ್ವರ ಬಂದಿಲ್ಲ, ನಮ್ಮ ವ್ಯಾಪಾರಕ್ಕೆ ಬಂದಿದೆ. ಔಷಧ ಗೊತ್ತಿದೆ; ಕೊಡಿಸತಕ್ಕವರು ಮುಂದಿನ ಮಳೆಗಾಲಕ್ಕೆ ಮುಂಚೆಯಾದರೂ ಎದ್ದಾರೆಂದು ಆಶಿಸುತ್ತೇವೆ.